ಗುರಿಯ ಅಭ್ಯಾಸಕ್ಕೆ ಮಿತವ್ಯಯದ ಆಸರೆ

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಅವರು 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ವರ್ಣಪದಕ ಗಳಿಸಿ, ವೈಯಕ್ತಿಕ ವಿಭಾಗದಲ್ಲಿ ಭಾರತಕ್ಕೆ ಮೊದಲ ಒಲಿಂಪಿಕ್ ಸ್ವರ್ಣವನ್ನು ತಂದುಕೊಟ್ಟರು. ಆ ಸ್ಪರ್ಧೆಯಲ್ಲಿ ಕ್ರೀಡಾಪಟುವು ಯಾವ ಆಸರೆಯೂ ಇಲ್ಲದೆ ನಿಂತೇ ಗುರಿಯಿಡಬೇಕು. ಹಾಗಿರುವಾಗ, ಕಲಿಯುವ ವಿದ್ಯಾರ್ಥಿಗೆ ಮೇಜಿನ ಮೇಲೆ ರೈಫಲನ್ನು ಇರಿಸುವ ಆಸರೆ ಏತಕ್ಕೆ, ಅದಕ್ಕಾಗಿ ಶಾಲೆಯೊಂದು ಎಷ್ಟು ಹಣವನ್ನು ವಿನಿಯೋಗಿಸಬೇಕು ಎಂಬ ಪ್ರಶ್ನೆ ಸಹಜವಾದುದು.

ಗುಂಡು ಗುರಿ ತಪ್ಪಿದಾಗ ನಾವು ಮೊದಲು ದೂಷಿಸುವುದು ವಿದ್ಯಾರ್ಥಿಯನ್ನು. ಆದರೆ ದೋಷವು ರೈಫಲಿನ ಗುರಿಕಂಡಿಯಲ್ಲಿರಬಹುದು. ಆ ನಳಿಗೆಗೆ ಒಗ್ಗದ ಸೀಸದ ಗುಂಡಿನಲ್ಲಿಯೂ ಇರಬಹುದು. ಉಪಕರಣದ ದೋಷವನ್ನೂ ಕೈಯ ದೋಷವನ್ನೂ ಬೇರ್ಪಡಿಸಿ ತೋರಿಸುವುದೇ ಆಸರೆಯ ನಿಜವಾದ ಕಾರ್ಯ. ಅದಿಲ್ಲದಿದ್ದರೆ, ಸಮರ್ಥನಾದ ಬಾಲಕನೊಬ್ಬನು ತನ್ನದಲ್ಲದ ತಪ್ಪಿಗಾಗಿ ಆತ್ಮವಿಶ್ವಾಸವನ್ನು ಕಳೆದುಕೊಳ್ಳುವ ಸಂಭವವುಂಟು.

ಇಲ್ಲಿ ಸಣ್ಣದೊಂದು ಲೆಕ್ಕವನ್ನು ಗಮನಿಸಬೇಕು. ರೈಫಲಿನ ಮುಂದಿನ ಮತ್ತು ಹಿಂದಿನ ಆಸರೆಗಳ ನಡುವೆ 50 ಸೆಂಟಿಮೀಟರ್ ಅಂತರವಿದೆಯೆನ್ನೋಣ. ಹಿಂದಿನ ಆಸರೆಯು ಕೇವಲ 0.1 ಮಿಲಿಮೀಟರ್ ಕುಸಿದರೂ 10 ಮೀಟರ್ ದೂರದ ಗುರಿಯಲ್ಲಿ ಗುಂಡು 2 ಮಿಲಿಮೀಟರ್ ಸರಿಯುತ್ತದೆ. ಏರ್ ರೈಫಲ್ ಗುರಿಹಲಗೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸವೇ 0.5 ಮಿಲಿಮೀಟರ್, ವೃತ್ತದಿಂದ ವೃತ್ತಕ್ಕೆ ಇರುವ ಅಂತರ 2.5 ಮಿಲಿಮೀಟರ್. ಆದಕಾರಣ ಮೊದಲ ವೆಚ್ಚ ಮೇಜಿಗೆ ಸಲ್ಲತಕ್ಕದ್ದು. ಅಲುಗಾಡುವ ಮೇಜಿನ ಮೇಲೆ ಬೆಲೆಬಾಳುವ ಆಸರೆಯನ್ನಿಟ್ಟು ಪ್ರಯೋಜನವಿಲ್ಲ. ನೆಲದಲ್ಲಿ ಭದ್ರವಾಗಿ ನೆಲೆಗೊಂಡ ಕಲ್ಲುಚಪ್ಪಡಿಯ ಮೇಜು ಈ ಕೆಲಸಕ್ಕೆ ಉತ್ತಮವಾದುದು.

ಮೇಜಿನ ನಂತರ ಎರಡು ಮರಳಿನ ಚೀಲಗಳು ಸಾಕು. ಜರಡಿ ಹಿಡಿದು ಚೆನ್ನಾಗಿ ಒಣಗಿಸಿದ ಮರಳನ್ನು ದಪ್ಪ ಕ್ಯಾನ್ವಾಸಿನ ಚೀಲದಲ್ಲಿ ತುಂಬಿ ಎರಡು ಸಾಲು ಹೊಲಿಗೆ ಹಾಕಿಸಬೇಕು. 20 ಸೆಂಟಿಮೀಟರ್ ಉದ್ದ, 15 ಅಗಲ, 10 ಎತ್ತರದ ಚೀಲವು ಸುಮಾರು 5 ಕಿಲೋಗ್ರಾಂ ತೂಗುತ್ತದೆ. ಆ ಭಾರವೇ ಅದರ ಸ್ಥಿರತೆ. ಮುಂದಿನ ಚೀಲವನ್ನು ಬಿಗಿಯಾಗಿಯೂ ಹಿಂದಿನದನ್ನು ತುಸು ಸಡಿಲವಾಗಿಯೂ ತುಂಬಬೇಕು. ಹಿಂದಿನ ಚೀಲವನ್ನು ಎಡಗೈಯಿಂದ ಮೆಲ್ಲಗೆ ಹಿಸುಕಿದರೆ ರೈಫಲಿನ ಹಿಂಬದಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ತಿರುಪುಮೊಳೆಯ ಅಗತ್ಯವೇ ಬೀಳುವುದಿಲ್ಲ. ಧಾನ್ಯವನ್ನು ತುಂಬಿದರೆ ಹಗುರವಾಗುವುದಲ್ಲದೆ ಹುಳು ಹಿಡಿಯುತ್ತದೆ.

ಚೀಲದ ಮೇಲೆ ಒರಗಬೇಕಾದುದು ರೈಫಲಿನ ಮರದ ಭಾಗವೇ ಹೊರತು ನಳಿಗೆಯಲ್ಲ. ನಳಿಗೆ ತಾಗಿದರೆ ಗುಂಡಿನ ಪಥ ವ್ಯತ್ಯಾಸಗೊಳ್ಳುತ್ತದೆ. ಸ್ಪ್ರಿಂಗ್ ಬಲದ ಏರ್ ರೈಫಲ್ ಗುಂಡು ಹೊರಡುವ ಮೊದಲೇ ಅದುರುವುದರಿಂದ, ಚೀಲಕ್ಕೂ ಮರಕ್ಕೂ ನಡುವೆ ಅಂಗೈಯನ್ನಿಟ್ಟು ಸಡಿಲವಾಗಿ ಹಿಡಿಯುವುದು ಲೇಸು.

ಹೀಗೆ ಅಣಿಗೊಳಿಸಿ ಒಂದೇ ಬಿಂದುವಿಗೆ ಗುರಿಯಿಟ್ಟು ಐದು ಗುಂಡು ಹಾರಿಸಬೇಕು. ಐದೂ ಒತ್ತಾಗಿ ಒಂದೆಡೆ ಬಿದ್ದು ಕೇಂದ್ರದಿಂದ ದೂರವಿದ್ದರೆ ಗುರಿಕಂಡಿಯನ್ನು ಸರಿಪಡಿಸಬೇಕು. ಚದುರಿ ಬಿದ್ದರೆ ಬೇರೆ ಬಗೆಯ ಗುಂಡನ್ನು ಪರೀಕ್ಷಿಸಬೇಕು. ಅನುಭವಿಯೊಬ್ಬರಿಂದಲೂ ಹಾರಿಸಿ ನೋಡಬೇಕು. ಅವರ ಗುಂಡುಗಳು ಒತ್ತಾಗಿ ಬಿದ್ದರೆ ಮಾತ್ರ ವಿದ್ಯಾರ್ಥಿಯ ಉಸಿರು, ಬೆರಳುಗಳನ್ನು ತಿದ್ದುವುದು ನ್ಯಾಯ. ಅಭ್ಯಾಸ ಯಾವುದೇ ಇರಲಿ, ಗುರಿಯ ಹಿಂದೆ ಗುಂಡನ್ನು ಹಿಡಿದಿಡುವ ತಡೆ, ಕಣ್ಣಿಗೆ ರಕ್ಷಣೆ ಮತ್ತು ಹೊಣೆಯರಿತ ಶಿಕ್ಷಕರ ಉಪಸ್ಥಿತಿ ಅನಿವಾರ್ಯ.

ತಿರುಪುಗಳುಳ್ಳ ಕಬ್ಬಿಣದ ಆಸರೆಗಳು ನಿರರ್ಥಕವೆಂದಲ್ಲ. ಹೆಚ್ಚು ಹಿನ್ನೊದೆತವಿರುವ ದೊಡ್ಡ ರೈಫಲುಗಳನ್ನು ದಿನವಿಡೀ ಪರೀಕ್ಷಿಸುವವರಿಗೆ ಅವು ಉಪಯುಕ್ತ. ಎರಡು ಕಾಲಿನ ಊರೆ ಅಗ್ಗವಾದರೂ ಗಡುಸಾದ ಮೇಜಿನ ಮೇಲೆ ಪುಟಿಯುತ್ತದೆ, ಹಿಂಬದಿಗೆ ಆಧಾರ ನೀಡುವುದೂ ಇಲ್ಲ. ಏರ್ ರೈಫಲ್ ಕಲಿಸುವ ಶಾಲೆಗೆ ಚೀಲಗಳೇ ತಕ್ಕವು. ಉಳಿದ ಹಣದಿಂದ ಒಳ್ಳೆಯ ಗುಂಡುಗಳನ್ನು ಕೊಂಡರೆ ಇನ್ನಷ್ಟು ವಿದ್ಯಾರ್ಥಿಗಳಿಗೆ ಅಭ್ಯಾಸದ ಅವಕಾಶ ದೊರೆಯುತ್ತದೆ. ದಾನಿಗಳು ಕೊಟ್ಟ ಒಂದೊಂದು ರೂಪಾಯಿಯೂ ದಾಸೋಹದ ದ್ರವ್ಯವೆಂದು ಭಾವಿಸುವ ನಮಗೆ ಈ ವಿವೇಚನೆ ಅವಶ್ಯಕ.

ಆಸರೆಯು ಸತ್ಯವನ್ನು ತಿಳಿಯುವುದಕ್ಕೇ ಹೊರತು ನಿರಂತರವಾಗಿ ಒರಗುವುದಕ್ಕಲ್ಲ. ರೈಫಲ್ ನಿರ್ದುಷ್ಟವೆಂದು ಖಚಿತವಾದ ಮೇಲೆ ವಿದ್ಯಾರ್ಥಿಯು ಮೇಜನ್ನು ಬಿಟ್ಟು ಎದ್ದು ನಿಲ್ಲಬೇಕು. ಅಲ್ಲಿಂದ ಮುಂದಿನದು ಅವನ ಕಾಯಕ.