ಮೊನೆಯುಳ್ಳ ಶಿರಸ್ತ್ರಾಣ

ಜರ್ಮನಿಯ ಕೆಲವು ಮನೆಗಳಲ್ಲಿ ಪೂರ್ವಿಕರಿಂದ ಬಂದ ತೊಗಲಿನ ಶಿರಸ್ತ್ರಾಣಗಳಿವೆ. ನೆತ್ತಿಯ ಮೇಲೆ ಮೊನೆಯುಳ್ಳ ಇವುಗಳಿಗೆ ‘ಪಿಕೆಲ್‌ಹೌಬೆ’ ಎಂದು ಹೆಸರು. ಪ್ರಷ್ಯದ ದೊರೆ ನಾಲ್ಕನೆಯ ಫ್ರೆಡರಿಕ್ ವಿಲಿಯಂ 1842ರಲ್ಲಿ ಇವನ್ನು ತನ್ನ ಸೇನೆಯಲ್ಲಿ ಬಳಕೆಗೆ ತಂದನು. ಸಿಡಿಗುಂಡಿನ ಚೂರುಗಳನ್ನು ತೊಗಲು ತಡೆಯಲಾರದಾದುದರಿಂದ 1916ರಲ್ಲಿ ಉಕ್ಕಿನ ಶಿರಸ್ತ್ರಾಣವು ರಣರಂಗಕ್ಕೆ ಬಂದಿತು.

ಮುಂಭಾಗದ ಲಾಂಛನವು ರಾಜ್ಯವನ್ನು ಸೂಚಿಸುತ್ತದೆ: ಹದ್ದು ಪ್ರಷ್ಯದ್ದು, ಗುರಾಣಿ ಹಿಡಿದ ಜೋಡಿಸಿಂಹಗಳು ಬವೇರಿಯದವು. ಬೂದುಬಣ್ಣದ ಲೋಹಭಾಗಗಳೂ ಕಳಚಬಹುದಾದ ಮೊನೆಯೂ 1915ರ ಮಾದರಿಯ ಲಕ್ಷಣಗಳು. ಒಳಗಿನ ಮುದ್ರೆಗಳಲ್ಲಿ ತಯಾರಕನ ಹೆಸರು, ರೆಜಿಮೆಂಟು, ವರ್ಷ ಇವು ಕಾಣಸಿಗುವುದುಂಟು.

ಒಳಭಾಗವನ್ನು ತೊಳೆದರೆ ಈ ಮುದ್ರೆಗಳು ಅಳಿಸಿಹೋಗಬಹುದು; ತೊಗಲಿಗೆ ಎಣ್ಣೆ ಸವರಿದರೆ ಕಲೆಗಟ್ಟಿ ಧೂಳು ಹಿಡಿಯುತ್ತದೆ. ಮೆತುವಾದ ಕುಂಚದಿಂದ ಧೂಳು ತೆಗೆದು, ಒಳಗೆ ಆಸರೆ ಕೊಟ್ಟು, ಬಿಸಿಲು ತೇವಗಳಿಂದ ದೂರವಿರಿಸಬೇಕು. ಮುದ್ರೆ ಅಳಿದರೆ ಅದನ್ನು ಧರಿಸಿದ ಯೋಧನ ಗುರುತೂ ಅಳಿದಂತೆಯೇ ಸರಿ.