ಮಳೆಗಾಲದಲ್ಲಿ ಖಾಲಿ ಬೀಳುವ ಕಾಫಿ ಕಣದಲ್ಲಿ ಸೊಪ್ಪು ಬೆಳೆಯೋದು ಹೇಗೆ?

ಬೆಂಗಳೂರಿನ ತಾರಸಿ ತೋಟದ ವಿಡಿಯೋ ನೋಡಿ ಸಕಲೇಶಪುರದಲ್ಲಿ ತರಕಾರಿ ಹಾಕಿದವರ ಕಥೆ ನಾನು ಬಹಳ ಕೇಳಿದ್ದೀನಿ. ಮೊದಲನೇ ಕಥೆ ನನ್ನದೇ. ತೋಟಗಾರಿಕೆ ಪದವಿ ಮುಗಿಸಿ ಎಡಕುಮೇರಿ ಕಾಡಿನ ಮೇಲಿನ ಸಾಲಿನಲ್ಲಿರುವ ನಮ್ಮ ತೋಟಕ್ಕೆ ವಾಪಸ್ ಬಂದ ವರ್ಷ, ಮನೆ ಮುಂದೆ ನಲವತ್ತು ಗ್ರೋಬ್ಯಾಗ್ ಸಾಲಾಗಿ ಇಟ್ಟೆ. ಟೊಮ್ಯಾಟೊ, ಮೆಣಸಿನಕಾಯಿ, ಕೊತ್ತಂಬರಿ, ಪಾಲಕ್ ಎಲ್ಲ ಇತ್ತು. ಜೂನ್ ಕೊನೆವರೆಗೂ ಫೋಟೋ ತೆಗೆಯೋ ಹಾಗಿತ್ತು. ಜುಲೈ ಎರಡನೇ ವಾರ ಮಳೆ ಹಿಡಿದದ್ದು ಬಿಡಲಿಲ್ಲ. ಎಂಟು ದಿನ ಆದಮೇಲೆ ನೋಡಿದರೆ ಕೊತ್ತಂಬರಿ ಲೋಳೆಯಾಗಿತ್ತು, ಟೊಮ್ಯಾಟೊ ಗಿಡ ಹಸಿರಾಗಿದ್ದ ಹಾಗೇ ಜೋತು ಬಿದ್ದಿತ್ತು. ಅಪ್ಪ ಏನೂ ಅನ್ನಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ವಿಡಿಯೋದಲ್ಲಿ ಹೇಳಿದ್ದು ತಪ್ಪಲ್ಲ. ಬೆಂಗಳೂರಿನಲ್ಲಿ ತಾರಸಿ ತೋಟ ಗಟ್ಟಿಯಾಗಿ ಬೇರೂರಿದೆ. ಡಾ. ಬಿ.ಎನ್. ವಿಶ್ವನಾಥ್ ಅವರಂಥವರು ಮನೆ ಮನೆಗೆ ಅದನ್ನ ಮುಟ್ಟಿಸಿದರು. 2011ರಲ್ಲಿ ಶುರುವಾದ ‘ಊಟ ಫ್ರಮ್ ಯುವರ್ ತೋಟ’ ಮೇಳದಿಂದ ಎಷ್ಟೋ ಜನ ತಾರಸಿಯಲ್ಲಿ ಬೆಳೆಯೋದು ಕಲಿತರು. ಆದರೆ ಅಲ್ಲಿ ವರ್ಷಕ್ಕೆ ಬೀಳೋ ಮಳೆ ಸುಮಾರು 970 ಮಿಲಿಮೀಟರ್. ಸಕಲೇಶಪುರ ಪಟ್ಟಣದಲ್ಲೇ ಅದರ ಎರಡು ಪಟ್ಟು ಬೀಳುತ್ತೆ, ಘಾಟಿ ಅಂಚಿಗೆ ಬಂದರೆ ಇನ್ನೂ ಹೆಚ್ಚು. ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ.

ಇದನ್ನ ಲೆಕ್ಕ ಹಾಕಿ ನೋಡಿ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಒಂದು ಅಡಿ ಅಗಲ, ಒಂದು ಅಡಿ ಎತ್ತರದ ದುಂಡು ಗ್ರೋಬ್ಯಾಗ್‌ನಲ್ಲಿ ಸುಮಾರು 21 ಲೀಟರ್ ಮಣ್ಣು ಹಿಡಿಯುತ್ತೆ. ದಿನಕ್ಕೆ 100 ಮಿಲಿಮೀಟರ್ ಮಳೆ ಬಂದರೆ ಆ ಚೀಲದೊಳಗೆ 7 ಲೀಟರ್ ನೀರು ಇಳಿಯುತ್ತೆ. ಮೂರು ದಿನಕ್ಕೆ ಚೀಲದ ಗಾತ್ರದಷ್ಟೇ ನೀರು ಅದರೊಳಗಿಂದ ತೊಳೆದುಕೊಂಡು ಹೋಯಿತು ಅಂತ ಅರ್ಥ. ನೀವು ಹಾಕಿದ ಗೊಬ್ಬರದ ಸಾರಜನಕ ಅದರ ಜೊತೆಗೇ ಹೋಯಿತು. ಬೇರಿಗೆ ಗಾಳಿ ಇಲ್ಲ. ಇಷ್ಟಾದ ಮೇಲೆ ರೋಗ ಬಂತು ಅಂತ ಔಷಧಿ ಹುಡುಕೋದು ದಂಡ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಹಳೇ ಮನೆಗಳು ಹಂಚಿನವು, ತಾರಸಿಯೇ ಇಲ್ಲ. ಆರ್‌ಸಿಸಿ ಕಟ್ಟಿದವರೂ ಸೋರುತ್ತೆ ಅಂತ ಮೇಲೆ ಶೀಟ್ ಹಾಕಿಸಿರ್ತಾರೆ, ಅಡಿಗೆ ಬೆಳಕಿಲ್ಲ. ಹಿತ್ತಲಲ್ಲಿ ಸಿಲ್ವರ್ ಓಕ್, ಹಲಸಿನ ನೆರಳು. ಹಾಗಾದರೆ ಬೆಳಕು ಎಲ್ಲಿದೆ? ಕಣದಲ್ಲಿದೆ.

ಅರೇಬಿಕಾ ಹಣ್ಣು ಬರೋಕೆ ಶುರುವಾಗೋದು ನವೆಂಬರ್ ಹೊತ್ತಿಗೆ. ರೋಬಸ್ಟಾ ಒಣಗಿ ಚೀಲ ಸೇರುವಾಗ ಮಾರ್ಚ್ ಬಂದಿರುತ್ತೆ. ಆಮೇಲೆ ಏಳು ತಿಂಗಳು ಕಣ ಖಾಲಿ. ಪಾಚಿ ಕಟ್ಟುತ್ತೆ, ನಾಯಿ ಮಲಗುತ್ತೆ, ಅಷ್ಟೇ. ಆದರೆ ಮನೆ ಹತ್ತಿರ ಮರದ ನೆರಳಿಲ್ಲದ, ನೀರು ಹರಿದು ಹೋಗೋ ಇಳಿಜಾರಿರುವ, ಗಟ್ಟಿ ನೆಲ ಇರೋ ಜಾಗ ಅದೊಂದೇ. ಸಿಮೆಂಟಿನ ಮೇಲೆ ತರಕಾರಿಯಾ ಅಂತ ಮೂಗು ಮುರಿಯೋರಿಗೆ ಕ್ಯೂಬಾ ದೇಶದ ಉದಾಹರಣೆ ಕೊಡ್ತೀನಿ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಅವರಿಗೆ ಡೀಸೆಲ್, ರಸಗೊಬ್ಬರ ಬರೋದು ನಿಂತುಹೋಯಿತು. ಆಗ ಹವಾನಾ ನಗರದವರು ಖಾಲಿ ಸೈಟು, ಪಾರ್ಕಿಂಗ್ ಜಾಗದಲ್ಲೆಲ್ಲ ಅಂಚು ಕಟ್ಟಿ, ಕಾಂಪೋಸ್ಟ್ ತುಂಬಿ ಸೊಪ್ಪು ಬೆಳೆದರು. ಅದಕ್ಕೆ ಅವರಿಟ್ಟ ಹೆಸರು ‘ಆರ್ಗನೋಪೋನಿಕೋ’. ನಮ್ಮ ಕಣಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಏನಿಲ್ಲ.

ಅಪ್ಪನನ್ನ ಒಪ್ಪಿಸೋದು ಕ್ಯೂಬಾದಿಂದ ಆಗಲಿಲ್ಲ. “ಕಣ ಅಂದ್ರೆ ಏನ್ ತಿಳ್ಕಂಡಿದ್ದೀಯ? ನವೆಂಬರ್‌ಗೆ ಹಣ್ಣು ಎಲ್ಲಿ ಹರವ್ಲಿ, ನಿನ್ನ ತಲೆ ಮೇಲಾ?” ಅಂದರು. ಅವರ ಮಾತಲ್ಲಿ ನ್ಯಾಯ ಇತ್ತು. ಅದಕ್ಕೇ ನಾನು ಹೇಳೋ ಮೊದಲ ನಿಯಮ: ಕಣದ ಮೇಲೆ ಏನನ್ನೂ ಕಾಯಂ ಮಾಡಬೇಡಿ. ಎರಡು ದಿನದಲ್ಲಿ ಬಿಚ್ಚಿ ಎತ್ತೋ ಹಾಗಿರಬೇಕು. ಸಿಮೆಂಟಿಗೆ ಗುಂಡಿ ಹೊಡೆಯೋದು, ಕಂಬ ಹೂಳೋದು ಬೇಡ.

ಮೊದಲು ಮಾಡು. ಮೂರು ಕಡೆ ಪ್ಲಾಸ್ಟಿಕ್ ಮುಚ್ಚೋ ಪಾಲಿಹೌಸ್ ನಮಗೆ ಬೇಡ, ಒಳಗೆ ಉಬ್ಬೆ ಹಿಡಿಯುತ್ತೆ. ಬೇಕಾಗಿರೋದು ಮಳೆ ತಡೆಯೋ ಚಪ್ಪರ, ನಾಲ್ಕೂ ಕಡೆ ಬಯಲು. 10 ಅಡಿ ಅಗಲ, 20 ಅಡಿ ಉದ್ದ ಒಬ್ಬರು ನೋಡ್ಕೊಳ್ಳೋಕೆ ಸಾಕು. ಅಡಿಕೆ ದಬ್ಬೆ, ಬಿದಿರು ಅಥವಾ ಜಿಐ ಪೈಪ್, ಯಾವುದಾದರೂ ಸರಿ. ಕಂಬಗಳನ್ನ ಸಿಮೆಂಟ್ ತುಂಬಿದ ಹಳೇ ಡಬ್ಬದಲ್ಲಿ ನಿಲ್ಲಿಸಿ, ಕಣದ ಹೊರಗೆ ಗೂಟ ಹೊಡೆದು ಹಗ್ಗ ಬಿಗಿಯಿರಿ. ಮೇಲೆ 200 ಮೈಕ್ರಾನ್‌ನ ಯುವಿ ಶೀಟ್. ಪೇಟೆಯಲ್ಲಿ ಸಿಗೋ ನೀಲಿ ಟಾರ್ಪಾಲ್ ಹಾಕಿದರೆ ಗಿಡ ಬಿಳಿಚಿಕೊಂಡು ಉದ್ದ ಹೋಗುತ್ತೆ, ದುಡ್ಡು ಉಳಿಸೋಕೆ ಹೋಗಿ ಬೆಳೆ ಕಳ್ಕೋಬೇಡಿ. ಇಳಿಜಾರು ಕಡಿದಾಗಿರಲಿ. ಚಪ್ಪಟೆ ಮಾಡಿದರೆ ಶೀಟಿನಲ್ಲಿ ನೀರು ಹೊಟ್ಟೆ ಕಟ್ಟಿ ರಾತ್ರೋರಾತ್ರಿ ಎಲ್ಲ ಕುಸಿಯುತ್ತೆ. ಈ ಅಳತೆಯ ಮಾಡಿನ ಮೇಲೆ 100 ಮಿಲಿಮೀಟರ್ ಬಿದ್ದ ದಿನ ಸುಮಾರು 1,800 ಲೀಟರ್ ನೀರು ಇಳಿಯುತ್ತೆ. ಅದು ಮಡಿಗೆ ನುಗ್ಗದ ಹಾಗೆ ಕಣದ ಇಳಿಜಾರಿನ ಕಡೆ ದಾರಿ ಬಿಡಿ. ಒಂದು ಡ್ರಮ್ ಮಾತ್ರ ತುಂಬಿಸಿಕೊಳ್ಳಿ. ಯಾಕಂದ್ರೆ ಹೊರಗೆ ಧೋ ಅಂತ ಮಳೆ ಸುರಿತಿರುವಾಗ ಚಪ್ಪರದೊಳಗೆ ನೀವು ಪೂವಾಳಿ ಹಿಡಿದು ನೀರು ಹಾಕಬೇಕು. ಅಕ್ಕಪಕ್ಕದವರು ನಗ್ತಾರೆ, ನಗಲಿ.

ಒಳಗೆ 3 ಅಡಿ ಅಗಲದ ಎರಡು ಮಡಿ. ನಡುವೆ ಒಂದೂವರೆ ಅಡಿ ದಾರಿ, ಎರಡೂ ಅಂಚಿನಲ್ಲಿ ಒಂದು ಅಡಿಗಿಂತ ಸ್ವಲ್ಪ ಹೆಚ್ಚು ಜಾಗ ಬಿಡಿ, ಎರಚಲು ಅಲ್ಲಿಗೆ ನಿಲ್ಲುತ್ತೆ. ಮಡಿ ಕಣದ ಇಳಿಜಾರಿನ ಉದ್ದಕ್ಕೇ ಇರಲಿ. ಅಡ್ಡ ಹಾಕಿದರೆ ಕಟ್ಟೆ ಕಟ್ಟಿದ ಹಾಗೆ ನೀರು ನಿಲ್ಲುತ್ತೆ. ಅಂಚಿಗೆ ಇಟ್ಟಿಗೆ ಅಥವಾ ಸೀಳಿದ ಅಡಿಕೆ ಮರ. ಬುಡದಲ್ಲಿ ತೆಂಗಿನಕಾಯಿ ಸಿಪ್ಪೆ ಒಂದು ಪದರ, ಅದರ ಮೇಲೆ ಎಂಟು ಇಂಚು ಮಣ್ಣು. ಮಡಿ ಕಟ್ಟೋದು ರಗಳೆ ಅನ್ನಿಸಿದರೆ ಹಿಂಡಿ ಚೀಲ ಅರ್ಧ ಮಡಚಿ ಸಾಲಾಗಿ ಇಡಿ. ನವೆಂಬರ್‌ನಲ್ಲಿ ಎತ್ತೋದೂ ಸುಲಭ. ಈಗ ನಾನು ಮಾಡ್ತಿರೋದು ಹಾಗೇ.

ಮಣ್ಣಿನ ಮಿಶ್ರಣದಲ್ಲೂ ಬೆಂಗಳೂರಿನ ಲೆಕ್ಕ ಬದಲಾಗುತ್ತೆ. ಅಲ್ಲಿ ಕೋಕೋಪೀಟ್ ಹಾಕೋದು ತೇವ ಹಿಡಿದಿಡೋಕೆ, ತಾರಸಿಗೆ ಭಾರ ಕಮ್ಮಿ ಮಾಡೋಕೆ. ನಮಗೆ ಎರಡೂ ಬೇಡ. ಎರಡು ಪಾಲು ಮಣ್ಣು, ಒಂದು ಪಾಲು ಕಳಿತ ಕಾಂಪೋಸ್ಟ್, ಒಂದು ಪಾಲು ಭತ್ತದ ಹೊಟ್ಟು ಅಥವಾ ದಪ್ಪ ಮರಳು ಸಾಕು. ಕಾಫಿ ಸಿಪ್ಪೆ ಹೇರಳ ಇದೆ ಅಂತ ಹಸಿಯದನ್ನೇ ಸುರಿಯಬೇಡಿ, ಸಸಿ ಮೇಲೇಳಲ್ಲ. ಸಗಣಿ ಜೊತೆ ಪದರ ಪದರ ಹಾಕಿ, ಮಗುಚಿ, ಕೈಯಲ್ಲಿ ಹಿಡಿದರೆ ಮಣ್ಣಿನ ವಾಸನೆ ಬರೋವರೆಗೆ ಕೊಳೆಸಿ. ನನಗೆ ಆರು ತಿಂಗಳು ಹಿಡಿಯುತ್ತೆ. ಮಲೆನಾಡಿನ ಮಣ್ಣು ಹುಳಿ. ಹಾಗಾಗಿ ಮಿಶ್ರಣ ಮಾಡುವಾಗಲೇ ಒಲೆ ಬೂದಿ ಚೀಲಕ್ಕೊಂದು ಹಿಡಿ ಸೇರಿಸ್ತೀನಿ. ಬೂದಿ ಹಾಕಿದ ದಿನವೇ ಗಂಜಲ ಹಾಕಬಾರದು, ಸಾರಜನಕ ಆವಿಯಾಗಿ ಹೋಗುತ್ತೆ. ಎಷ್ಟು ಹುಳಿ ಇದೆ ಅಂತ ಸರಿಯಾಗಿ ಗೊತ್ತಾಗಬೇಕು ಅಂದ್ರೆ ಹಾಸನದ ಕಂದಲಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ, ಮಣ್ಣು ಪರೀಕ್ಷೆ ಮಾಡಿಸಿ.

ಏನು ಹಾಕಬೇಕು? ಮೋಡದ ಬೆಳಕಲ್ಲಿ ಕಾಯಿ ಕಟ್ಟೋದು ಕಷ್ಟ, ಎಲೆ ಬರುತ್ತೆ. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೊಪ್ಪು ಮಾತ್ರ. ಮೆಂತ್ಯ ತಿಂಗಳೊಳಗೆ ಕೈಗೆ ಬರುತ್ತೆ. ಕೊತ್ತಂಬರಿ ಬೀಜವನ್ನ ಚಪ್ಪಲಿ ಕಾಲಲ್ಲಿ ತಿಕ್ಕಿ ಎರಡು ಹೋಳು ಮಾಡಿ ಬಿತ್ತಿ, ನಲವತ್ತು ದಿನ ಕೊಡಿ. ಹರಿವೆ ಬೀಜ ಮರಳಿನ ಜೊತೆ ಬೆರೆಸಿ ತೆಳುವಾಗಿ ಎರಚಿ. ಬೆಂಗಳೂರು ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ‘ಅರ್ಕಾ ಸುಗುಣ’ ಹರಿವೆಯನ್ನ ಕತ್ತರಿಸಿದ ಹಾಗೆ ಮತ್ತೆ ಚಿಗುರುತ್ತೆ, ‘ಅರ್ಕಾ ಇಶಾ’ ಕೊತ್ತಂಬರಿಯೂ ಹಾಗೇ. ಬೀಜವನ್ನ ಅವರ ಪೋರ್ಟಲ್‌ನಲ್ಲಿ ಫೋನಿಂದಲೇ ತರಿಸಬಹುದು. ಒಂದೇ ದಿನ ಎಲ್ಲ ಬಿತ್ತಬೇಡಿ. ಹತ್ತು ದಿನಕ್ಕೊಂದು ತುಂಡು ಬಿತ್ತಿದರೆ ವಾರ ವಾರ ಕೊಯ್ಲು ಸಿಗುತ್ತೆ. ಕೆಸು, ಬಸಳೆ, ಚಕ್ರಮುನಿಗೆ ಚಪ್ಪರದ ಜಾಗ ಕೊಡೋದು ಬೇಡ, ಅವು ಮಳೆಯಲ್ಲೇ ಬದುಕೋ ಜಾತಿ. ಅಜ್ಜಿಯಂದಿರು ಅವನ್ನೇ ಯಾಕೆ ಹಿತ್ತಲಲ್ಲಿ ಇಟ್ಟುಕೊಂಡಿದ್ದರು ಅಂತ ನನಗೆ ಅರ್ಥ ಆಗಿದ್ದು ನಲವತ್ತು ಗ್ರೋಬ್ಯಾಗ್ ಕಳೆದುಕೊಂಡ ಮೇಲೆ.

ಚಪ್ಪರದೊಳಗೂ ಸಸಿ ಬುಡ ಕೊಳೆತು ಮಲಗೋದು ಇದ್ದೇ ಇರುತ್ತೆ. 100 ಕೆಜಿ ಕೊಟ್ಟಿಗೆ ಗೊಬ್ಬರಕ್ಕೆ 1 ಕೆಜಿ ಟ್ರೈಕೋಡರ್ಮಾ ಬೆರೆಸಿ, ತೇವ ಆರದ ಹಾಗೆ ನೆರಳಲ್ಲಿ ಹದಿನೈದು ದಿನ ಮುಚ್ಚಿಟ್ಟು, ಆಮೇಲೆ ಮಡಿಗೆ ಸೇರಿಸಿ. ಆದರೆ ಅದಕ್ಕಿಂತ ಮುಖ್ಯ, ಒತ್ತಾಗಿ ಬಿತ್ತಬೇಡಿ. ದಿನಾ ನೀರೂ ಹಾಕಬೇಡಿ. ಬೆರಳು ಒಂದು ಇಂಚು ಇಳಿಸಿ, ಒಣಗಿದ್ದರೆ ಮಾತ್ರ ಬೆಳಿಗ್ಗೆ ಹೊತ್ತು ಹಾಕಿ. ಬಸವನಹುಳು, ಸಿಂಬಳದ ಹುಳಕ್ಕೆ ಬೂದಿ ಗೆರೆ ಎಳೆಯೋದು ಮಳೆಯಲ್ಲಿ ನಿಲ್ಲಲ್ಲ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯ ಎಲೆ ಇಟ್ಟು, ಬೆಳಿಗ್ಗೆ ಅಡಿಗೆ ಸೇರಿದವನ್ನ ಆರಿಸಿ ಉಪ್ಪುನೀರಿಗೆ ಹಾಕಿ. ಕೈಗವಸು ಇರಲಿ. ಮಂಗನಿಗೆ ಬಲೆ ಬಿಟ್ಟು ಬೇರೆ ದಾರಿ ನನಗೆ ಕಂಡಿಲ್ಲ.

ಟೊಮ್ಯಾಟೊ, ಬದನೆ ಹಾಕಲೇಬೇಕು ಅನ್ನೋರು ಮಳೆ ಬಿಡೋ ಅಕ್ಟೋಬರ್‌ಗೆ ತೋಟದ ಬಯಲಲ್ಲಿ ಹಾಕಿ. ಅಲ್ಲಿ ಕಾಡೋದು ದುಂಡಾಣು ಸೊರಗು ರೋಗ. ಗಿಡ ಹಸಿರಾಗಿದ್ದಾಗಲೇ ಜೋತು ಬಿದ್ದರೆ ಬುಡದ ಹತ್ತಿರ ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ನಿಲ್ಲಿಸಿ. ಕೆಲವೇ ನಿಮಿಷದಲ್ಲಿ ಹಾಲಿನ ಎಳೆ ಇಳಿದ ಹಾಗೆ ಕಂಡರೆ ಅದೇ ರೋಗ. ಔಷಧಿಗೆ ದುಡ್ಡು ಸುರಿಯಬೇಡಿ, ಗಿಡ ಕಿತ್ತು ಸುಡಿ, ಆ ಜಾಗದಲ್ಲಿ ಬೀನ್ಸ್ ಅಥವಾ ಜೋಳ ಹಾಕಿ. ತಡೆದುಕೊಳ್ಳೋ ತಳಿಗಳಿವೆ: ಟೊಮ್ಯಾಟೊದಲ್ಲಿ ‘ಅರ್ಕಾ ರಕ್ಷಕ್’, ಬದನೆಯಲ್ಲಿ ‘ಅರ್ಕಾ ನಿಧಿ’, ‘ಅರ್ಕಾ ಕೇಶವ್’, ಮೆಣಸಿನಲ್ಲಿ ಕೇರಳದ ‘ಉಜ್ವಲ’.

ಮಾರಾಟದ ವಿಷಯಕ್ಕೆ ಬರೋಣ. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ರೈಲು ಹಳಿಯ ಬುಡದ ಮಣ್ಣು ಕುಸಿದು ಬೆಂಗಳೂರು–ಮಂಗಳೂರು ರೈಲು ದಿನಗಟ್ಟಲೆ ನಿಂತಿದ್ದು ನೆನಪಿರಬಹುದು. ಹಾಗೆ ಆದಾಗ ಸಕಲೇಶಪುರಕ್ಕೆ ತರಕಾರಿ ಬರೋದು ನಿಂತೇಹೋಗುತ್ತೆ ಅಂತ ಕೆಲವರು ಬರೀತಾರೆ. ಅದು ಹಾಗಲ್ಲ, ಹಾಸನದ ಕಡೆ ರಸ್ತೆ ಇರುತ್ತೆ. ಬಂದ್ ಆಗೋದು ಪೇಟೆಯಿಂದ ಒಳಗಿನ ಹಳ್ಳಿ, ಲೈನ್ ಮನೆಗೆ ಹೋಗೋ ದಾರಿ. ಮರ ಬಿದ್ದಿರುತ್ತೆ, ಕರೆಂಟ್ ಇರಲ್ಲ, ವಾರದ ಸಂತೆ ತಪ್ಪುತ್ತೆ. ಆಲೂಗೆಡ್ಡೆ, ಈರುಳ್ಳಿ ಹೇಗೋ ಇರುತ್ತೆ, ಹಸಿ ಸೊಪ್ಪು ಇರಲ್ಲ. ಪೇಟೆಗೆ ಬಂದ ಕೊತ್ತಂಬರಿ ಕಟ್ಟು ಬಿಚ್ಚಿದರೆ ಅರ್ಧ ಕೊಳೆತಿರುತ್ತೆ. ನಿಮ್ಮ ಗಿರಾಕಿ ಅಲ್ಲೇ ಇದ್ದಾರೆ: ಪಕ್ಕದ ತೋಟದ ಲೈನ್ ಮನೆಗಳು, ಊರಿನ ಹೋಟೆಲು, ಶುಕ್ರವಾರ ಫೋನ್ ಮಾಡೋ ಹೋಂಸ್ಟೇಯವರು. ಬೆಂಗಳೂರಿಗೆ ಕಳಿಸೋ ಕನಸು ಸದ್ಯಕ್ಕೆ ಬಿಡಿ. ಎರಡು ಮಡಿ ಸೇರಿ ಬರೀ ನೂರು ಚದರ ಅಡಿ ಚಿಲ್ಲರೆ, ಅದರಲ್ಲಿ ಸಂಸಾರ ನಡೆಯಲ್ಲ. ಮನೆಯ ಸೊಪ್ಪಿನ ಖರ್ಚು ಉಳಿದು, ಶೀಟಿನ ದುಡ್ಡು ವಾಪಸ್ ಬಂದು, ಮಳೆಗಾಲದ ಕೈಖರ್ಚಿಗೆ ಆಗುತ್ತೆ. ಹೆಚ್ಚು ಹೇಳಿದರೆ ಸುಳ್ಳಾಗುತ್ತೆ.

‘ಸಾವಯವ’ ಅಂತ ಮಾರೋರಿಗೆ ಒಂದು ಮಾತು. ನೇರವಾಗಿ ತಿನ್ನೋರ ಕೈಗೇ ಕೊಡುವ ಸಣ್ಣ ಬೆಳೆಗಾರರಿಗೆ ಪ್ರಮಾಣಪತ್ರದಿಂದ ವಿನಾಯಿತಿ ಇದೆ, ಆದರೆ ‘ಜೈವಿಕ್ ಭಾರತ್’ ಲಾಂಛನ ಹಾಕೋ ಹಾಗಿಲ್ಲ. ಇನ್ನು ಕೊಯ್ಲು ಬೆಳಕು ಹರಿದ ಮೇಲೇ ಮಾಡಿ. ಆನೆ ಓಡಾಡೋ ಊರಲ್ಲಿ ನಸುಕಿನ ಐದು ಗಂಟೆಗೆ ಬುಟ್ಟಿ ಹಿಡಿದು ಹೊರಡೋದು ಬೇಡ. ಆನೆ ಬಂದಿದೆ ಅಂತ ಮೊಬೈಲ್‌ಗೆ ಮೆಸೇಜ್ ಬಂದ ದಿನ ಗಿರಾಕಿಗೆ ಫೋನ್ ಮಾಡಿ ನಾಳೆ ಅನ್ನಿ. ಕಣದ ಸುತ್ತ ಬಾಳೆ ನೆಡಬೇಡಿ, ಹಲಸಿನ ಹಣ್ಣು ತಂದು ರಾಶಿ ಹಾಕಬೇಡಿ.

ಅಕ್ಟೋಬರ್ ಮೂರನೇ ವಾರ ಕೊನೇ ಕೊಯ್ಲು. ಚೀಲಗಳನ್ನ ಎತ್ತಿ ಹಿತ್ತಲ ಗೋಡೆ ಬದಿಗೆ ಸಾಗಿಸಿ, ಅದರಲ್ಲೇ ಬೀನ್ಸ್ ಊರಬಹುದು. ಶೀಟ್ ತೊಳೆದು, ಒಣಗಿಸಿ, ಇಲಿ ಕಡಿಯದ ಕಡೆ ಸುತ್ತಿಡಿ, ಜೋಪಾನ ಮಾಡಿದರೆ ಮೂರು ಮಳೆಗಾಲ ಬರುತ್ತೆ. ಆಮೇಲೆ ಕಣವನ್ನ ಪೊರಕೆ ಹಾಕಿ ಉಜ್ಜಿ ಎರಡು ಸಲ ತೊಳೆಯಿರಿ, ಮಣ್ಣಿನ ವಾಸನೆ ಕಾಫಿಗೆ ಹಿಡಿಯಬಾರದು. ನಮ್ಮಲ್ಲಿ ಈ ಕೆಲಸಕ್ಕೆ ಅಪ್ಪನೇ ನಿಲ್ತಾರೆ. ಹೋದ ವರ್ಷ ತೊಳೆದು ಮುಗಿಸಿ, ಮೂಲೆಯಲ್ಲಿ ನಾಲ್ಕು ಚೀಲ ಮೆಂತ್ಯ ಮಾತ್ರ ಹಾಗೇ ಬಿಟ್ಟಿದ್ದರು.