ಹಳೆಯ ಕಾರಿನ ಒಗಟುಗಳು

ಮಂಗಳೂರು ನಗರದ ಪಡೀಲು ರೈಲುಹಾದಿಗಳೂ ರಸ್ತೆಗಳೂ ಕೂಡುವ ಸ್ಥಳ. ಮಂಗಳೂರು ಜಂಕ್ಷನ್ ನಿಲ್ದಾಣವಿರುವುದು ಇಲ್ಲಿಯೇ. ಇಲ್ಲಿಂದ ಪೂರ್ವಕ್ಕೆ ಬಂಟ್ವಾಳದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ದಶಕಗಳ ಕಾಲ ಅಂಬಾಸಿಡರ್ ಕಾರುಗಳು ಓಡಾಡಿದವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯನ್ನು ಅನುಸರಿಸಿ, ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯ ಭಾಗದಿಂದ ಇವು ತಯಾರಾದವು. 2014ರಲ್ಲಿ ಉತ್ಪಾದನೆ ನಿಂತಿತು.

ಹಳೆಯ ಕಾರುಗಳನ್ನು ದುರಸ್ತಿಗಾಗಿ ಬಿಚ್ಚಿದಾಗ ಕೆಲವು ವಿಚಿತ್ರ ಸಂಗತಿಗಳು ಕಣ್ಣಿಗೆ ಬೀಳುವುದುಂಟು. ಯಾವ ತಿರುಪೂ ಇಲ್ಲದ ಒಂದು ರಂಧ್ರ. ಎಡಬಾಗಿಲಿನ ಕೀಲಿಗೆ ಒಂದು ತೆಳು ತಗಡು, ಬಲಬಾಗಿಲಿನ ಕೀಲಿಗೆ ಎರಡು. ಆಸನದ ಅಡಿಯಲ್ಲಿ ಸೀಮೆಸುಣ್ಣದಿಂದ ಬರೆದ ಒಂದು ಅಂಕಿ. ನೋಡಿದವರಿಗೆ ಇವು ಕೆಲಸಗಾರರ ಅಲಕ್ಷ್ಯದಂತೆ ತೋರುತ್ತವೆ. ಆದರೆ ನಿಜವಾಗಿಯೂ ಅಲಕ್ಷ್ಯವೇ?

ಮಾರಿಸ್ ಮನೆತನದ್ದೇ ಆದ ಮತ್ತೊಂದು ಕಾರಿನ ಕಥೆ ಇದಕ್ಕೆ ಉತ್ತರ ಹೇಳುತ್ತದೆ. 1948ರಲ್ಲಿ ಮಾರಿಸ್ ಮೈನರ್ ಎಂಬ ಪುಟ್ಟ ಕಾರು ಹೊರಬಂದಿತು. ಅದರ ಮೊದಲ ವರ್ಷಗಳ ಬಂಪರು ಒಂದೇ ತುಂಡಿನದಲ್ಲ. ನಡುವೆ ಸೀಳಿ, ಒಂದು ಪಟ್ಟಿಯಿಟ್ಟು ಜೋಡಿಸಿದ್ದು. ಹೊಸ ಕಾರಿಗೆ ಈ ತೇಪೆ ಏಕೆ? ಅದನ್ನು ರೂಪಿಸಿದ ಅಲೆಕ್ ಇಸಿಗೋನಿಸ್ ಅವರಿಗೆ, ಸಿದ್ಧವಾಗಿದ್ದ ಮಾದರಿ ತೀರ ಇಕ್ಕಟ್ಟೆನಿಸಿತು. ಅವರು ಅದನ್ನು ಉದ್ದಕ್ಕೆ ಎರಡಾಗಿ ಸೀಳಿಸಿ, ಹೋಳುಗಳನ್ನು ದೂರ ಸರಿಸಿ ನೋಡಿ, ಕಾರನ್ನು 4 ಅಂಗುಲ ಅಗಲಗೊಳಿಸಿದರು. ಅಷ್ಟರಲ್ಲಿ ಹಳೆಯ ಅಳತೆಯ ಬಂಪರುಗಳು ತಯಾರಾಗಿಬಿಟ್ಟಿದ್ದವು. ಅವನ್ನು ಎಸೆಯುವುದರ ಬದಲು ಕತ್ತರಿಸಿ ಬೆಸೆದರು. ಬಾನೆಟ್ಟಿನ ನಡುವಿನ ಚಪ್ಪಟೆ ಪಟ್ಟಿಯೂ ಆ 4 ಅಂಗುಲಗಳ ಕುರುಹೇ. ತಪ್ಪಿನಂತೆ ಕಂಡದ್ದು ವಿವೇಕದ ಗುರುತಾಗಿತ್ತು.

ಉಳಿದ ಒಗಟುಗಳಿಗೂ ಇಂತಹ ಕಾರಣಗಳಿರುವುದುಂಟು. ಭಾರತದಲ್ಲಿ ಕಾರಿನ ಚಾಲಕಚಕ್ರ ಬಲಕ್ಕೆ, ಅಮೆರಿಕದಲ್ಲಿ ಎಡಕ್ಕೆ. ಎರಡೂ ಬಗೆಗೆ ಒಂದೇ ಅಚ್ಚಿನ ತಗಡನ್ನು ಬಳಸಿದರೆ ಒಂದು ಕಡೆಯ ರಂಧ್ರ ಬರಿದಾಗಿ ಉಳಿಯುತ್ತದೆ. ಅಚ್ಚೊತ್ತಿದ ತಗಡುಗಳು ಕೂದಲೆಳೆಯಷ್ಟು ಭಿನ್ನವಾಗಿರುವುದರಿಂದ, ಬಾಗಿಲು ಸರಿಯಾಗಿ ಕೂರಲೆಂದು ಕೆಲಸಗಾರನು ಕೀಲಿನ ಹಿಂದೆ ಬೇಕಾದಷ್ಟು ತೆಳು ತಗಡುಗಳನ್ನು ಸೇರಿಸುತ್ತಿದ್ದನು. ಎರಡು ಪಕ್ಕಗಳನ್ನೂ ಸಮ ಮಾಡುವೆನೆಂದು ಒಂದನ್ನು ತೆಗೆದರೆ ಬಾಗಿಲೇ ಮುಚ್ಚದೆ ಹೋದೀತು!

ಆದರೆ ಎಲ್ಲ ಒಗಟುಗಳೂ ಬಿಡಿಸಲ್ಪಡುವುದಿಲ್ಲ. ಸೀಮೆಸುಣ್ಣದ ಆ ಅಂಕಿ ತಪಾಸಣೆಯ ಗುರುತೋ, ಬಣ್ಣದ ಸಂಕೇತವೋ, ಪಾಳಿಯ ಲೆಕ್ಕವೋ ಬರೆದವನಿಗಷ್ಟೇ ಗೊತ್ತು. ಕಾರ್ಖಾನೆಯ ದಾಖಲೆಗಳಲ್ಲಿ ಯಂತ್ರದ ಅಳತೆಗಳಿರುತ್ತವೆ. ಅದನ್ನು ಜೋಡಿಸಿದ ಕೈಗಳ ಹೆಸರು ಇರುವುದು ಅಪರೂಪ. ಅನಾಮಧೇಯರಾದ ಆ ಶ್ರಮಿಕರು ಬಿಟ್ಟುಹೋದ ಸಹಿಯೆಂದರೆ ಈ ಗುರುತುಗಳೇ.

ಪಡೀಲಿನಿಂದ ಸುಮಾರು 70 ಕಿಲೋಮೀಟರ್ ದೂರದ ಧರ್ಮಸ್ಥಳದಲ್ಲಿ ಹಳೆಯ ಕಾರುಗಳ ಸಂಗ್ರಹಾಲಯವಿದೆ. ಅಲ್ಲಿಗೆ ಹೋದವರು ಮಿರುಗುವ ಬಣ್ಣವನ್ನು ಮಾತ್ರ ನೋಡಿ ಬರಬಾರದು. ಹಳೆಯ ವಸ್ತುವನ್ನು ಹೊಸದಾಗಿಸುವ ಉತ್ಸಾಹದಲ್ಲಿ ಒಂದು ಗುರುತನ್ನು ಒರೆಸಿದರೆ, ಅದರೊಡನೆ ಒಂದು ಸಾಕ್ಷ್ಯವೂ ಅಳಿಯುತ್ತದೆ. ಮತ್ತೆ ಅದನ್ನು ಪಡೆಯುವ ದಾರಿಯಿಲ್ಲ. ಆದುದರಿಂದ ಬಲ್ಲ ಕುಶಲಿಗಳು ಅರ್ಥವಾಗದುದನ್ನು ಮೊದಲು ಬರೆದಿಡುತ್ತಾರೆ, ಚಿತ್ರ ತೆಗೆದಿಡುತ್ತಾರೆ; ಬಳಿಕವೇ ಕೈ ಹಚ್ಚುತ್ತಾರೆ. ಅರ್ಥವಾಗದ ಮಾತ್ರಕ್ಕೆ ಯಾವುದೂ ನಿರರ್ಥಕವಾಗುವುದಿಲ್ಲ. ತಿದ್ದುವ ಮೊದಲು ಪ್ರಶ್ನಿಸುವುದು ಯಂತ್ರಜ್ಞನಿಗೂ ಇತಿಹಾಸಕಾರನಿಗೂ ಸಮಾನವಾದ ಧರ್ಮ.